ಉಮ್ಮನಿಗೆ ಕಳಿಸಿದ ಕ್ಯಾಸೆಟ್

ಮದೀನತ್ ಖಲೀಫಾ, ದೋಹಾ
11 ಅಕ್ಟೋಬರ್ 1996, ಶುಕ್ರವಾರ

ಪ್ರೀತಿಯ ತಂಗಿ ಝಾಹಿದಾ,

ಅಸ್ಸಲಾಮು ಅಲೈಕುಮ್. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಬೈಯಬೇಡ. ಪ್ರತಿ ಶುಕ್ರವಾರ ಜುಮಾ ಮುಗಿಸಿ ಬಂದು ಪೆನ್ನು ಹಿಡಿದು ಕೂತದ್ದೇ ಬಂತು. ನನಗೆ ಬರೆದು ಅಭ್ಯಾಸವೆಲ್ಲಿ? ಇಲ್ಲಿಗೆ ಬಂದಾಗಿನಿಂದ ಕಳಿಸಿದ್ದೆಲ್ಲ ಕ್ಯಾಸೆಟ್ಟೇ ಅಲ್ಲವೇ, ಎರಡೂ ಬದಿ ತುಂಬುವಷ್ಟು ಹರಟೆ.

ಮೊನ್ನೆ ಆಸ್ಪತ್ರೆಗೆ ಹೋಗಿದ್ದೆ. ಡಾಕ್ಟರು ಒಳ್ಳೆಯ ಮನುಷ್ಯ. ಮೆಟ್ಟಿಲು ಹತ್ತುತ್ತೀಯಾ, ಊಟ ಸೇರುತ್ತದೆಯೇ, ಕೆಲಸಕ್ಕೆ ಹೋಗುತ್ತೀಯಾ ಎಂದು ಕೇಳಿದರು. ಎಲ್ಲಕ್ಕೂ ಹೌದೆಂದೆ. ಎದೆಯ ಎಕ್ಸ್‌ರೇಯನ್ನು ದೀಪಕ್ಕೆ ಹಿಡಿದು ನೋಡಿ, ಖಲಾಸ್, ಇನ್ನು ನೀನು ರೋಗಿಯಲ್ಲ ಎಂದು ಬೆನ್ನು ತಟ್ಟಿದರು. ಸ್ವರದ ಬಗ್ಗೆ ಕೇಳಲೇ ಇಲ್ಲ. ನಾನೇ ಕೇಳಿದೆ. ನ್ಯುಮೋನಿಯಾದಲ್ಲಿ ಮಷೀನಿನಿಂದ ಉಸಿರಾಡಿಸಲು ಗಂಟಲಿಗೆ ತೂತು ಮಾಡಿದ್ದರಲ್ಲ, ಒಳಗಿನ ಗಾಯ ಗಟ್ಟಿಯಾಗಿ ನಿಂತಿದೆಯಂತೆ, ಇನ್ನು ಈ ಒಡಕು ಸ್ವರವೇ ಗತಿ. ಜೀವ ಉಳಿದ ಮೇಲೆ ಸ್ವರ ದೊಡ್ಡ ವಿಷಯವೇ ಎಂದು ನಕ್ಕರು. ನಾನೂ ನಕ್ಕೆ. ಈಗ ನಕ್ಕರೂ ಶಬ್ದ ಬರುವುದಿಲ್ಲ.

ಕೆಲಸಕ್ಕೇನೂ ತೊಂದರೆಯಿಲ್ಲ. ಸಿಮೆಂಟ್ ಯಾರ್ಡಿನಲ್ಲಿ ಲಾರಿಯವರನ್ನು ಕೂಗಿ ಕರೆಯಲು ಆಗುವುದಿಲ್ಲವೆಂದು ಒಂದು ವಿಸಿಲ್ ಕೊಟ್ಟಿದ್ದಾರೆ. "ನಿನ್ನ ಬಾಯಿ ಮುಚ್ಚಿಸ್ಲಿಕ್ಕೆ ಅಷ್ಟು ದೊಡ್ಡ ಆಸ್ಪತ್ರೆಯೇ ಬೇಕಾಯ್ತಲ್ಲ ಮಾರಾಯ" ಎಂದು ರೂಮಿನ ಬೊನವೆಂಚರ್ ತಮಾಷೆ ಮಾಡುತ್ತಾನೆ.

ಈಗ ಕ್ಯಾಸೆಟ್ಟಿನ ವಿಷಯ. ಊರಿಗೆ ಹೊರಟ ಯೂಸುಫನ ಪೆಟ್ಟಿಗೆಯಲ್ಲಿ ಈ ಹೊಸ ಸ್ವರದಲ್ಲಿ ಕಳಿಸಿದ್ದನ್ನು ನೀನು ಹಾಕಿದಾಗ ಉಮ್ಮ ಸ್ವಲ್ಪ ಕೇಳಿ, ಇವನು ಯಾರು, ನನ್ನನ್ನು ಉಮ್ಮ ಅಂತ ಯಾಕೆ ಕರೆಯುತ್ತಾನೆ ಎಂದಳೆಂದು ಬರೆದಿದ್ದೀ. ಆಮೇಲೆ ನಾನು ಫೋನ್ ಮಾಡಿದಾಗಲೂ ಅದೇ ಆಯಿತು. ಹಿತ್ತಲ ಬಾವಿ, ನಮ್ಮ ಕುಂಟ ಆಡು, ಅವಳು ನನಗೆ ಹೊಡೆದು ಆಮೇಲೆ ಅತ್ತದ್ದು, ಎಲ್ಲ ನೆನಪಿಸಿದೆ. ಅವಳು ಸಮಾಧಾನವಾಗಿ ಕೇಳಿಕೊಂಡು ಹೇಳಿದಳು:

"ಹಾಶಿಮ್ ನಿನಗೆ ಎಲ್ಲ ಹೇಳಿದ್ದಾನೆ ಮಗಾ. ನೀನು ಅವನ ರೂಮಿನವನಾ?"

ಎಷ್ಟು ಪ್ರೀತಿಯಿಂದ ಕೇಳಿದಳು ಗೊತ್ತಾ.

ಅವಳದು ತಪ್ಪಲ್ಲ. ಕಣ್ಣು ಮಂಜಾಗಿದೆ, ಫೋಟೋ ಕಳಿಸಿದರೂ ಕಾಣದು. ನಾನು ಪ್ರಜ್ಞೆಯಿಲ್ಲದೆ ಮಲಗಿದ್ದಾಗ ನೀವೆಲ್ಲ ಸೇರಿ, ಅವನಿಗೆ ಮರುಭೂಮಿಯಲ್ಲಿ ಕೆಲಸ, ಅಲ್ಲಿ ಫೋನಿಲ್ಲ ಎಂದಿರಿ. ವಯಸ್ಸಾದವರಿಂದ ಕೆಟ್ಟ ಸುದ್ದಿ ಮುಚ್ಚಿಡುವುದು ನಮ್ಮಲ್ಲಿ ಇದ್ದದ್ದೇ, ನಿನ್ನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೆ ಅಷ್ಟು ಕಾಲ ಮಾತೇ ಇಲ್ಲದೆ, ಆಮೇಲೆ ಮಗನ ಹೆಸರಿನಲ್ಲಿ ಬೇರೆ ಸ್ವರ ಬಂದರೆ ಅವಳು ಏನೆಂದುಕೊಳ್ಳಬೇಕು? ಈಗ ಕಾಯಿಲೆಯ ನಿಜ ಹೇಳಿದರೂ ಅವಳಿಗೆ ಅದು ಇನ್ನೊಂದು ಸುಳ್ಳು.

ನೇರ ಬಂದು ಅವಳ ಎದುರು ಕೂತುಕೋ ಎಂದಿದ್ದೀ. ಆಸ್ಪತ್ರೆಯಲ್ಲಿದ್ದ ದಿನಗಳನ್ನೇ ರಜೆಗೆ ಹಿಡಿದಿದ್ದಾರೆ. ಕೇಳಿದರೆ ಮ್ಯಾನೇಜರ್ ಮಾಫಿ, ರಜೆ ಇಲ್ಲ ಎಂದು ಕೈಯಾಡಿಸುತ್ತಾನೆ. ಮುಂದಿನ ವರ್ಷವೇ ಆಗಬೇಕು. ಅಲ್ಲಿಯವರೆಗೆ ಒಂದು ಉಪಾಯ ಮಾಡು. ಕಪಾಟಿನ ಮೇಲಿನ ಬಿಸ್ಕತ್ ಡಬ್ಬದಲ್ಲಿ ನನ್ನ ಹಳೆಯ ಕ್ಯಾಸೆಟ್‌ಗಳಿವೆಯಲ್ಲ, ಅವನ್ನು ಒಂದೊಂದಾಗಿ ಹಾಕು, ಈಗಷ್ಟೇ ಬಂದದ್ದು ಎನ್ನು. ಬೊನವೆಂಚರನ ಗೊರಕೆಯನ್ನು ಅಣಕಿಸಿದ್ದು ಅವಳಿಗೆ ಬಹಳ ಇಷ್ಟ. ಅದನ್ನೇ ಮೊದಲು ಹಾಕು.

ಮಕ್ಕಳನ್ನು ನನ್ನ ಪರವಾಗಿ ಮುದ್ದು ಮಾಡು. ನಿನ್ನ ಬೆನ್ನುನೋವಿಗೆ ಔಷಧಿ ತಪ್ಪಿಸಬೇಡ. ಅಲ್ಲಾಹನು ನಿಮ್ಮೆಲ್ಲರ ಮನೆ ಮನಸ್ಸು ತಣ್ಣಗಿಟ್ಟಿರಲಿ.

ನಿನ್ನ ಅಣ್ಣ,
ಹಾಶಿಮ್

ವಿ.ಸೂ.: ಕಾಗದ ಅಂಟಿಸುವಷ್ಟರಲ್ಲಿ ರಜೆಗೆ ಹೋಗಿದ್ದ ಪಕೀರಬ್ಬ ಊರಿನಿಂದ ಬಂದ. ನೀನು ಬರೆಯದೆ ಬಿಟ್ಟದ್ದನ್ನು ಅವನು ಹೇಳಿದ. ತೀರಿಹೋದ ಉಪ್ಪನಿಗಾಗಿ ಉಮ್ಮ ಗುರುವಾರ ಸಂಜೆ ಓದುವ ಕುರ್‌ಆನಿನ ಯಾಸೀನಿಗೆ ಈಗ ನನ್ನ ಹೆಸರನ್ನೂ ಸೇರಿಸಿದ್ದಾಳಂತೆ, ನಾನೂ ತೀರಿಹೋದೆನೆಂದು. ಹಾಗಿದ್ದರೆ ಹಳೆಯ ಕ್ಯಾಸೆಟ್ ಹಾಕಬೇಡ ಝಾಹಿದಾ. ಅಷ್ಟು ಅತ್ತು ಸಮಾಧಾನ ಮಾಡಿಕೊಂಡವಳನ್ನು ಮತ್ತೆ ಅಳಿಸುವುದು ಬೇಡ. ಓದುವುದನ್ನು ತಡೆಯಲೂ ಬೇಡ. ಮುಂದಿನ ವರ್ಷ ನಾನು ಬಂದಾಗ ಬಾಗಿಲಲ್ಲಿ ನಿಂತು ಅಣ್ಣ ಬಂದ ಎಂದು ಕೂಗಬೇಡ. ಹಾಶಿಮನ ರೂಮಿನವನು ಬಂದಿದ್ದಾನೆ ಎನ್ನು. ಮಗಾ ಎಂದು ಕರೆದು ಹತ್ತಿರ ಕೂರಿಸಿಕೊಳ್ಳುತ್ತಾಳೆ.