ಗಡಿ ದಾಟದ ಮಡಿಲಕ್ಕಿ

ನಾರ್ತ್ ಕ್ರೀಕ್, ಬಾತೆಲ್
೧೦ ಆಗಸ್ಟ್ ೨೦೨೫, ಭಾನುವಾರ

ನನ್ನ ಮುದ್ದು ಮೊಮ್ಮಗಳು ನವ್ಯಾಗೆ,

ನಿನ್ನೆ ಪಾರ್ಕಿನಲ್ಲಿ ಕೆಮ್ಮುತ್ತಿದ್ದೆಯಲ್ಲ, ಈಗ ಹೇಗಿದೆ? ಮೆಣಸು-ಜೀರಿಗೆ ಕಷಾಯ ಮಾಡಿಕೊಂಡೆಯೋ, ಇಲ್ಲ ಆ ಬಾಟಲಿಯ ಬಣ್ಣದ ನೀರು ಕುಡಿದು ಮಲಗಿದೆಯೋ? ಊಟ ಬಿಟ್ಟು ಬಿಟ್ಟು ಕಡ್ಡಿಯಾಗಿದ್ದೀಯ. ಕಾಗದ ಉದ್ದವಾಯಿತೆಂದು ಗೊಣಗಬೇಡ, ನಿಧಾನವಾಗಿ ಓದು. ಎರಡು ಬೇಸಿಗೆ ಮದ್ದೂರಿನಲ್ಲಿ ಕೂರಿಸಿಕೊಂಡು ಅಕ್ಷರ ತಿದ್ದಿಸಿದ್ದು ಮತ್ತೆ ಯಾತಕ್ಕೆ? ಫೋನಿನಲ್ಲಿ ಹೇಳೋಣವೆಂದರೆ ಈ ಮನೆಯಲ್ಲಿ ಎಲ್ಲರಿಗೂ ಎಲ್ಲವೂ ಕೇಳಿಸುತ್ತದೆ. ನಿಮ್ಮಮ್ಮ ಮಧುರಾ ನಿನ್ನ ಹೆಸರೆತ್ತಿದರೆ ಸಾಕು, ಸೆರಗು ಹುಡುಕುತ್ತಾಳೆ. ನನಗೆ ಕೆನಡಾ ವೀಸಾ ಕೊಡಲಿಲ್ಲ, ಈ ಕಾಗದಕ್ಕೆ ಅದು ಬೇಕಿಲ್ಲ. ನಾನು ಬಾರದ ಸರ್ರೆ ಊರಿಗೆ ಇದಾದರೂ ಬರಲಿ.

ಇಲ್ಲಿ ವರಮಹಾಲಕ್ಷ್ಮಿ ಹಬ್ಬ ಆಯಿತು ಅಂದರೆ ಆಯಿತು. ಒಬ್ಬಟ್ಟು ಮಾಡಿದೆ. ನಿಮ್ಮಪ್ಪ ಶ್ರೀನಿವಾಸ ಅರ್ಧ ತಿಂದು, ‘ನವ್ಯಾಗೆ ತುಪ್ಪ ಜಾಸ್ತಿ ಬೇಕು’ ಅಂದ, ಎದ್ದುಹೋದ. ಐದು ವರ್ಷದ ಕೂಸನ್ನು ಕರೆತಂದು ಇಲ್ಲಿ ಅಮೆರಿಕದ ಸ್ಕೂಲಿಗೆ ಹಾಕಿದರು, ಯೂನಿವರ್ಸಿಟಿಯಲ್ಲಿ ಓದಿಸಿದರು. ಇಪ್ಪತ್ತೊಂದು ತುಂಬಿದ ಮೇಲೆ ಅಪ್ಪನ ವೀಸಾದಲ್ಲಿ ಮಗಳಿಗೆ ಜಾಗವಿಲ್ಲ ಅಂದುಬಿಟ್ಟರು. ನೀನು ಗಡಿಯಾಚೆ ಕೆನಡಾಕ್ಕೆ ಹೋದಮೇಲೆ ಅವನ ಗ್ರೀನ್ ಕಾರ್ಡಿನ ಸರದಿ ಬಂತು. ಈಗ ಅರ್ಜಿ ಒಳಗಿದೆ; ತೀರ್ಮಾನ ಆಗುವ ತನಕ ದೇಶ ಬಿಟ್ಟು ಕಾಲು ಹೊರಗಿಡಬೇಡಿ ಎಂದು ವಕೀಲರು ಹೇಳಿದ್ದಾರೆ. ನಿನಗೂ ಅಲ್ಲಿ ಕೆಲಸದ ಪರವಾನಗಿ ಹೊಸದಾಗುವ ತನಕ ಅದೇ ಕಟ್ಟಳೆ. ಕಾರಿನಲ್ಲಿ ಎರಡು ಗಂಟೆಯ ದಾರಿ, ಅಪ್ಪ ಮಗಳ ಮನೆ ನೋಡಿಲ್ಲ. ನನಗೆ ಹೊಟ್ಟೆ ಉರಿಯುತ್ತದೆ ಕಣೇ.

ನಿನ್ನೆ ಗಡಿಯ ಪಾರ್ಕಿನ ಆ ಬಿಳಿ ಕಮಾನಿನ ಕೆಳಗೆ ನಿಂತಾಗ ನನ್ನೊಳಗಿನ ಸಮಾಜ ಪಾಠದ ಮೇಡಂ ಎದ್ದುಬಿಟ್ಟಳು. ಏನು ಮಾಡಲಿ, ಜೀವಮಾನವೆಲ್ಲ ಮಿಡ್ಲ್ ಸ್ಕೂಲಿನ ಮಕ್ಕಳಿಗೆ ಭೂಪಟ ತೋರಿಸಿದವಳು. ಒಂದು ಕಾಲು ಅಮೆರಿಕದಲ್ಲಿ, ಇನ್ನೊಂದು ಕೆನಡಾದಲ್ಲಿ ಊರಿದ ಕಮಾನು. ಈ ಕಡೆ ‘ಒಂದೇ ತಾಯಿಯ ಮಕ್ಕಳು’ ಎಂದು ಕೆತ್ತಿದ್ದಾರೆ, ಒಳಗೆ ‘ಈ ಬಾಗಿಲು ಎಂದೂ ಮುಚ್ಚದಿರಲಿ’ ಎಂದು. ನಿಮ್ಮಪ್ಪ ಅರ್ಥ ಹೇಳುತ್ತಿದ್ದರೆ ನನಗೆ ನಗು ಬಂತು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅನ್ನುವುದಕ್ಕೆ ಬೇರೆ ಪಾಠ ಬೇಕೆ? ತಾಯಿ ಇಂಗ್ಲೆಂಡು. ದೊಡ್ಡವನು ಅಮೆರಿಕ, ಜಗಳವಾಡಿಕೊಂಡು ಬೇರೆ ಹೋದ; ಚಿಕ್ಕವನು ಕೆನಡಾ, ತಾಯಿಯ ಸೆರಗು ಹಿಡಿದು ಉಳಿದ. ದೊಡ್ಡವನು ಹೋಗಿ ಚಿಕ್ಕವನ ಊರು ಸುಟ್ಟ, ತಾಯಿಯ ದಂಡು ಬಂದು ದೊಡ್ಡವನ ರಾಜಧಾನಿ ಸುಟ್ಟಿತು. ಆಮೇಲೆ ಬುದ್ಧಿ ಬಂದು ನಕ್ಷೆಯ ಮೇಲೆ ರೂಲುದೊಣ್ಣೆ ಇಟ್ಟು ಗೆರೆ ಎಳೆದುಕೊಂಡರು. ಅಷ್ಟಾದರೂ ಇಲ್ಲೇ ಹತ್ತಿರದ ದ್ವೀಪದಲ್ಲಿ, ತೋಟದ ಆಲೂಗಡ್ಡೆ ತಿಂದಿತೆಂದು ಅಮೆರಿಕದವನೊಬ್ಬ ಆ ಕಡೆಯವರ ಹಂದಿಗೆ ಗುಂಡು ಹೊಡೆದ. ಎರಡೂ ಕಡೆಯ ಫಿರಂಗಿಗಳು ಬಂದು ನಿಂತವು! ಸದ್ಯ, ಸತ್ತದ್ದು ಹಂದಿ ಮಾತ್ರ. ಈಗ ಮತ್ತೆ ಸುಂಕದ ಜಗಳ ಎಬ್ಬಿಸಿದ್ದಾರೆ. ಕಚ್ಚಾಡಲಿ, ರಾಜಿಯಾಗಲಿ, ಪಾರ್ಕಿನ ಆ ಹುಲ್ಲುಹಾಸನ್ನಾದರೂ ಬಿಟ್ಟಿದ್ದಾರೆ. ಆ ಕಡೆಯವರು ಆ ಕಡೆಯಿಂದ, ಈ ಕಡೆಯವರು ಈ ಕಡೆಯಿಂದ ವೀಸಾ ಇಲ್ಲದೆ ಬಂದು ಕೂತು, ಬಂದ ದಾರಿಯಲ್ಲೇ ಹಿಂದಿರುಗಬಹುದು. ಆ ಪುಣ್ಯದಿಂದ ನಿನ್ನ ಮುಖ ನೋಡಿದೆ.

ನಾನು ಮಾಡಿದ ಎಡವಟ್ಟು ಆ ಮಡಿಲಕ್ಕಿ. ನಮ್ಮ ಮನೆಯ ಹೆಣ್ಣು ಬರಿಮಡಿಲಲ್ಲಿ ಹೊಸ್ತಿಲು ದಾಟಬಾರದು. ನೀನು ಹೋದಾಗ ಎರಡು ಸೂಟ್‌ಕೇಸ್ ತುಂಬಿಸಿದರೇ ಹೊರತು ನಿನ್ನ ಮಡಿಲು ತುಂಬಿಸಿದವರು ಯಾರು? ಅದಕ್ಕೇ ಲಿನ್‌ವುಡ್ಡಿನ ಅಂಗಡಿಯಿಂದ ವೀಳ್ಯದೆಲೆ, ಕೊಬ್ಬರಿ, ಬಳೆ ತರಿಸಿ, ಅಕ್ಕಿ-ಬೆಲ್ಲದ ಜೊತೆ ಕಟ್ಟಿಕೊಂಡು ಬಂದೆ. ನೀನು ದುಪಟ್ಟಾ ಒಡ್ಡಿದೆ, ನಾನು ಸುರಿದೆ, ನಿಮ್ಮಮ್ಮ ಕುಂಕುಮ ಇಟ್ಟಳು. ಎಷ್ಟು ಹೊತ್ತು ನೀನು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ! ಹೊರಡುವಾಗ ಎಲ್ಲವನ್ನೂ ತಿರುಗಿ ನನ್ನ ಮಡಿಲಿಗೇ ಸುರಿದೆ. “ಸಾರಿ ಅಜ್ಜಿ, ಇಲ್ಲಿಂದ ಏನೂ ತಗೊಂಡ್ ಹೋಗೋ ಹಾಗಿಲ್ಲ. ಕೇಳಿದ್ರೆ ನಾನು ಸುಳ್ ಹೇಳಲ್ಲ” ಅಂದೆ. ಮಡಿಲಕ್ಕಿ ವಾಪಸ್ ಕೊಡೋ ಹೆಣ್ಣನ್ನ ನಾನೆಲ್ಲೂ ಕಂಡಿಲ್ಲ ಎಂದು ಎಲ್ಲರೆದುರು ರೇಗಿಬಿಟ್ಟೆ. ನಿನ್ನ ಕಣ್ಣು ತುಂಬಿತು, ಆದರೂ ನೀನು ಮಣಿಯಲಿಲ್ಲ.

ಕಾರಿನಲ್ಲಿ ಬರುತ್ತಾ ಸಿಟ್ಟು ಇಳಿಯಿತು. ಬಳೆ-ಎಲೆ ಬಚ್ಚಿಟ್ಟುಕೊಂಡು ಹೋಗಿ ಸಿಕ್ಕಿಬಿದ್ದಿದ್ದರೆ ನಿನ್ನ ಪರವಾನಗಿಯ ಗತಿ? ಅಜ್ಜಿಗಿಂತ ಮೊಮ್ಮಗಳಿಗೇ ಬುದ್ಧಿ ಹೆಚ್ಚು. ಆ ಅಕ್ಕಿಯನ್ನು ಇವತ್ತು ಪಾಯಸಕ್ಕೆ ಹಾಕಿದೆ. ಮೂವರೂ ಲೋಟ ಹಿಡಿದು ಕೂತೆವು, ಆಮೇಲೆ ನಿಮ್ಮಮ್ಮ ಎಲ್ಲವನ್ನೂ ತಿರುಗಿ ಪಾತ್ರೆಗೇ ಸುರಿದಳು. ಬೈದದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ನನ್ನ ಬಂಗಾರ.

ನಾನು ಶುಕ್ರವಾರ ಊರಿಗೆ ಹೊರಡುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ತಲೆಗೆ ಎಣ್ಣೆ ಹಚ್ಚು. ನಿನ್ನ ಜೊತೆ ಮನೆ ಹಂಚಿಕೊಂಡಿರುವ ಹುಡುಗಿಗೂ ನನ್ನ ಆಶೀರ್ವಾದ ತಿಳಿಸು. ಮದ್ದೂರಮ್ಮ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಜ್ಜಿ,
ಜವರಮ್ಮ

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ನನ್ನ ಹೃದಯದ ವಾಲ್ವ್ ಸವೆದಿದೆ, ಈ ವಯಸ್ಸಿಗೆ ಆಪರೇಷನ್ ಬೇಡ ಎಂದು ಮೈಸೂರಿನ ಡಾಕ್ಟರು ಹೊರಡುವ ಮುಂಚೆಯೇ ಹೇಳಿದ್ದರು. ನಿನ್ನನ್ನು ನೋಡಲೆಂದೇ ಬಂದೆ. ನಿಮ್ಮಪ್ಪನಿಗೆ ಹೇಳಿಲ್ಲ. ನಾನು ಹೋದ ಸುದ್ದಿ ಬಂದ ದಿನ ಅವನು ಎಲ್ಲ ಬಿಟ್ಟು ವಿಮಾನ ಹತ್ತಲು ನಿಲ್ಲುತ್ತಾನೆ, ಒಬ್ಬನೇ ಮಗ. ಹತ್ತಿದರೆ ಅರ್ಜಿ ಬಿದ್ದುಹೋಗುತ್ತದೆ, ಆಮೇಲೆ ಅವನು ನಿನ್ನ ಮನೆ ಬಾಗಿಲಿಗೆ ಬರುವುದು ಯಾವ ಕಾಲಕ್ಕೋ. ಮಧುರಾಳ ಕೈಲಿ ಅವನನ್ನು ತಡೆಯುವುದು ಆಗುವುದಿಲ್ಲ, ನೀನು ತಡೆ. ಕೊಳ್ಳಿ ಇಡಲು ಮೈದುನನ ಮಗ ಉದಯ್‌ನನ್ನು ಒಪ್ಪಿಸಿದ್ದೇನೆ. ನೀನೂ ಹೊರಡಬೇಡ. ಹನ್ನೊಂದನೆಯ ದಿನ ಅಪ್ಪನನ್ನು ಆ ಹುಲ್ಲಿಗೆ ಬಾ ಅನ್ನು, ಅವನು ಈ ಕಡೆಯಿಂದ, ನೀನು ಆ ಕಡೆಯಿಂದ. ಇಬ್ಬರೂ ಸೇರಿ ನನಗೊಂದು ತುತ್ತು ಎಡೆ ಇಡಿ. ಕಾಗೆ ಯಾವ ದೇಶದ್ದು ಬಂದರೂ ಸರಿ, ನಾನೇ ಅಂದುಕೊಳ್ಳಿ. ನಿಮ್ಮಪ್ಪ ಸಣ್ಣ ಮಗುವಿನ ಹಾಗೆ ಅಳುತ್ತಾನೆ ಕಣೇ, ನಾಚಿಕೆ ಪಡದೆ ತಬ್ಬಿಕೊಂಡಿರು.