ಹಿಂದಿನ ಖೋಲಿ

ಸಿಂಧನೂರು, ಭಾನುವಾರ

ಪ್ರೀತಿಯ ಕರೆಮ್ಮಕ್ಕನಿಗೆ,

ಜೊತೆಗಿರುವ ಬ್ಯಾಂಕಿನ ಕಾಗದದಲ್ಲಿ ಏನಿದೆ ಎಂದು ಹೇಳದೆಯೇ ನಿನ್ನ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕೆಂದಿದ್ದೆ. ಫೋನು ಮಾಡಿದ್ದರೆ ನೀನು, ‘ಎಲ್ಲಿ ಒತ್ಲಿ, ಅಷ್ಟ ಹೇಳ್ ಬೇ’ ಎಂದು ಮುಗಿಸಿಬಿಡುತ್ತಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮೂರ ಶಾಲೆಯ ಗಾಯತ್ರಿ ಟೀಚರ್ ಓದಿ ಹೇಳಲಿ.

ನಾನು ಇಲ್ಲಿ ಕೊಳ್ಳುತ್ತಿರುವ ಮನೆಗೆ ಬ್ಯಾಂಕು ಸಾಲ ಕೊಡುವ ಮೊದಲು ಬೆಲೆಯ ಒಂದು ಭಾಗವನ್ನು ನಾವೇ ಕಟ್ಟಬೇಕು. ಆ ಮುಂಗಡಕ್ಕೆಂದು ನೀನು ಕುರಿ ಮಾರಿ ಕೊಟ್ಟ ಹಣ ಸಾಲವಲ್ಲ, ಉಡುಗೊರೆ ಎಂದು ಬರೆದುಕೊಡಬೇಕಂತೆ. ಅಷ್ಟೇ ಆಗಿದ್ದರೆ ಸರಿ. ಮನೆಯಲ್ಲಿ ನಿನಗೆ ಯಾವ ಹಕ್ಕೂ ಇಲ್ಲ ಎಂದೂ ಅದರಲ್ಲಿದೆ. ‘ಮುಂದ ನಿಮ್ಮಕ್ಕ ಪಾಲು ಕೇಳ್ತಾರೇನ್ರೀ ಮೇಡಂ?’ ಎಂದು ಅಧಿಕಾರಿ ಕೇಳಿದಾಗ ನಾನು ತಕ್ಷಣ ‘ಇಲ್ರೀ’ ಎಂದೆ. ಅಷ್ಟು ಬೇಗ ಯಾಕೆ ಹೇಳಿದೆನೋ ಇನ್ನೂ ತಿಳಿಯುತ್ತಿಲ್ಲ.

ಹಣ ಕೊಟ್ಟ ದಿನ ನೀನು ಕೇಳಿದ್ದು ಒಂದೇ: ‘ಹಿಂದಿನ ಖೋಲಿ ನಂದು ನೋಡು, ಯಾರಿಗೂ ಕೊಡಬ್ಯಾಡ.’ ಇನ್ನೂ ಕೊಳ್ಳದ ಮನೆಯ ಕೋಣೆ ಕೇಳುತ್ತೀಯಲ್ಲ ಎಂದು ನಾನು ನಕ್ಕಿದ್ದೆ. ಭಾನುವಾರವೆಲ್ಲ ಯಾರೊಂದಿಗೂ ಮಾತಿಲ್ಲದೆ, ಸೋಮವಾರ ಶಾಲೆಯಲ್ಲಿ ಹಾಜರಿ ಕರೆಯುವಾಗ ನನಗೆ ಧ್ವನಿಯೇ ಹೊರಡುವುದಿಲ್ಲ ಎಂದು ಮಾತ್ರ ಹೇಳಲಿಲ್ಲ.

ಮನಸ್ಸಿಲ್ಲದಿದ್ದರೆ ಒತ್ತಬೇಡ. ಹಣ ಹಾಗೇ ಇದೆ, ಪಾಮನಕಲ್ಲೂರಿಗೆ ತಂದುಕೊಡುತ್ತೇನೆ. ಒತ್ತಿದರೆ ಕಾಗದವನ್ನು ಅಂಚೆಯಲ್ಲಿ ಕಳಿಸಬೇಡ, ನೀನೇ ತೆಗೆದುಕೊಂಡು ಬಾ. ಮಸ್ಕಿಯಲ್ಲಿ ಸಿಂಧನೂರಿನ ಬಸ್ಸು ಹತ್ತು. ಬರುವಾಗ ಹೊದೆಯಲು ನಿನ್ನ ಕೌದಿಯನ್ನೂ ತಾ.

ನಿನ್ನ ತಂಗಿ,
ಮಹೇಶ್ವರಿ

ಅಂಚೆಗೆ ಹಾಕುವುದು ನಾಳೆ, ಹಾಜರಿ ಕರೆದ ಮೇಲೆ: ಸೋಮವಾರ, ನವೆಂಬರ್ 17, 2025.