ಲಾಳಿ ಮತ್ತು ನೀನು ಬಿಟ್ಟುಹೋದ ಚಿಲಕ

ನನ್ನ ಮುದ್ದಿನ ಚಿಕ್ಕಪ್ಪಾ,

ಮೊದಲು ನಿನ್ನ ಜೊತೆ ಒಂದು ಜಗಳವಿದೆ, ಮುಗಿಸಿಬಿಡುತ್ತೇನೆ. ಹಕ್ಕಿಗೆ ಅಷ್ಟೆಲ್ಲ ಕಲಿಸಿದವನು, ಹೇಗೆ ಕಲಿಸಿದೆ ಅಂತ ನಮಗೊಂದು ಮಾತು ಹೇಳಿ ಹೋಗಬಾರದಿತ್ತೇ?

ಅದನ್ನು ತಂದ ದಿನ ನೆನಪಿದೆಯಾ? ಊರ ಗಿಳಿ ಸಾಕಲು ಕಾನೂನು ಬಿಡುವುದಿಲ್ಲವೆಂದು ಬೆಂಗಳೂರಿನಿಂದ ಹೊರದೇಶದ ಹಳದಿ ಗಿಳಿಮರಿ ತಂದಿದ್ದೆ. "ಮದ್ವೆ ಆಗಪ್ಪಾ ಅಂದ್ರೆ ಇದನ್ನ ಕರ್ಕೊಂಡ್ ಬಂದವ್ನೆ ನೋಡು!" ಎಂದು ಅಮ್ಮ ತಲೆ ಚಚ್ಚಿಕೊಂಡಿದ್ದಳು. ಮಗ್ಗದ ಲಾಳಿಯ ಹಾಗೆ ಆ ಕಡೆಯಿಂದ ಈ ಕಡೆಗೆ ಓಡುತ್ತದೆಂದು ಅದಕ್ಕೆ ಲಾಳಿ ಎಂದೇ ಹೆಸರಿಟ್ಟೆ. ನೀನೂ ಅಪ್ಪನೂ ಕರೆಂಟಿನ ಮಗ್ಗ ನಡೆಸುವ ಶೆಡ್ಡಿನಲ್ಲೇ ಅದರ ಪಂಜರ. ನೂಲಿಗೆ ಕಟ್ಟಿದ ಕಡಲೇಬೀಜವನ್ನು ಕೊಕ್ಕಿನಿಂದ ಎಳೆದು, ಕಾಲಲ್ಲಿ ಅದುಮಿ, ಮತ್ತೆ ಎಳೆದು ಮೇಲಕ್ಕೆ ತರುವುದನ್ನು ನೋಡಲು ಬೀದಿಯವರೆಲ್ಲ ಬಂದಿದ್ದರು. ಆಮೇಲೆ ನಿನ್ನ ಮರದ ಪೆಟ್ಟಿಗೆ. ಮೊದಲು ಕಡ್ಡಿ ಕೀಳಬೇಕು, ನಂತರ ಚಿಲಕ ಸರಿಸಬೇಕು, ಆಗ ಒಳಗಿನ ಬೀಜ. ಕಡ್ಡಿಯವರೆಗೆ ಕಲಿತಿತ್ತು. "ನೋಡ್ತಿರು ಪುಟ್ಟಿ, ದೀಪಾವಳಿ ಹೊತ್ಗೆ ಚಿಲಕಾನೂ ತೆಗೀತದೆ" ಅಂದಿದ್ದೆ. ದೀಪಾವಳಿಗೆ ನೀನೇ...

ನೀನು ತೀರಿಹೋದ ಮೇಲೆ ಲಾಳಿ ಪೆಟ್ಟಿಗೆ ಮುಟ್ಟಲಿಲ್ಲ, ನೂಲೂ ಎಳೆಯಲಿಲ್ಲ. ಮೂಲೆಯಲ್ಲಿ ಮುದುಡಿ ಕೂತಿತು. "ಒಂಟಿಯಾಗಿ ಕೊರಗ್ತಾ ಐತೆ. ಕುಂದಾಣದ ನಿಮ್ಮತ್ತೆ ಮನೇಲಿ ಇಂಥವೇ ಅವೆಯಲ್ಲ, ಭಾನುವಾರ ಬಂದು ತಗೊಂಡೋಗ್ಲಿ" ಎಂದಳು ಅಮ್ಮ. ಭಾನುವಾರದೊಳಗೆ ಅದನ್ನು ಮತ್ತೆ ಆಡಿಸಿ ಇಲ್ಲೇ ಉಳಿಸಿಕೊಳ್ಳಬೇಕು ಅಂದುಕೊಂಡೆ. ನಿನ್ನದು ಅಂತ ಮನೆಯಲ್ಲಿ ಉಸಿರಾಡುತ್ತಿರುವುದು ಅದೊಂದೇ ಅಲ್ಲವಾ?

ಮನೆಗೆ ಯಾರಾದರೂ ಬಂದರೆ ನಾವು ಮೊದಲು ಮಾಡುವುದೇನು? ಮಾತು ಕೇಳಿಸಲೆಂದು ಮಗ್ಗ ನಿಲ್ಲಿಸುತ್ತೇವೆ, ನೀರು, ಕಾಫಿ ಆಮೇಲೆ. ಲಾಳಿಗೂ ಅದೇ ಮರ್ಯಾದೆ ಮಾಡಿದೆ. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಶಿಫ್ಟು ಮುಗಿಸಿ ಬಂದ ಕೂಡಲೇ ಅಪ್ಪನಿಗೆ ಹೇಳಿ ಮಗ್ಗ ನಿಲ್ಲಿಸಿ, ಪಂಜರದ ಮುಂದೆ ಕೂತು, "ಬಾರೇ ಬಂಗಾರಿ, ಎಳೆಯೇ" ಎಂದು ಗೋಗರೆದೆ. ಅದು ನನ್ನ ಬಾಯಿಯನ್ನೇ ನೋಡುತ್ತಿತ್ತು. ಬೀಜ ಬದಲಿಸಿದೆ, ಪೆಟ್ಟಿಗೆ ತಿರುಗಿಸಿಟ್ಟೆ. ಊಹೂಂ! ಎಲ್ಲಿ ತಪ್ಪುತ್ತಿದ್ದೇನೆ ಅಂತ ಯೋಚಿಸಿ ತಲೆ ಕೆಟ್ಟುಹೋಯಿತು.

ಶನಿವಾರ ಅಪ್ಪನಿಗೆ ರೇಗಿತು. "ದಿನಾ ಹಿಂಗೆ ನಿಲ್ಸಿದ್ರೆ ಸೀರೆ ಯಾವಾಗಮ್ಮ ಮುಗಿಯೋದು?" ಎಂದು ಸ್ವಿಚ್ ಒತ್ತಿಯೇಬಿಟ್ಟ. ಆ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಿಸಲಿಲ್ಲ. ಶೆಡ್ಡಿನಲ್ಲಿ ನಾವೆಲ್ಲ ಮಾಡುವ ಹಾಗೆ, 'ಹೂಂ, ಮಾಡು' ಎಂದು ಸುಮ್ಮನೆ ಗದ್ದ ಎತ್ತಿದೆ. ಲಾಳಿ ಟಪಕ್ಕನೆ ಕಡ್ಡಿ ಕಿತ್ತಿತು!

ಸದ್ದಿಗೋ, ಸನ್ನೆಗೋ? ತಿಳಿಯದೆ ಬಿಡುವವಳಾ ನಾನು? ಅಪ್ಪನನ್ನು ಕಾಡಿ ಮತ್ತೆ ಮಗ್ಗ ನಿಲ್ಲಿಸಿದೆ. ಬಾಯಿ ಮುಚ್ಚಿಕೊಂಡು ಗದ್ದ ಎತ್ತಿದೆ. ಆಗಲೂ ಕಿತ್ತಿತು. ಅಯ್ಯೋ ಚಿಕ್ಕಪ್ಪಾ, ಮಗ್ಗದ ಮುಂದೆ ನಿಂತು ನೀನು ಅದಕ್ಕೆ ಯಾವತ್ತೂ ಬಾಯಿಬಿಟ್ಟು ಹೇಳಿರಲೇ ಇಲ್ಲವಲ್ಲ! ಹೇಳಿದ್ದರೂ ಯಾರಿಗೆ ಕೇಳುತ್ತಿತ್ತು?

ಈಗ ಸುದ್ದಿ ಕೇಳು. ಭಾನುವಾರ ಬೆಳಿಗ್ಗೆ ಲಾಳಿ ಕಡ್ಡಿ ಕಿತ್ತ ಮೇಲೆ ಇನ್ನೊಮ್ಮೆ ಗದ್ದ ಎತ್ತಿದೆ. ಚಿಲಕವನ್ನು ಕಚ್ಚಿತು, ನೆಕ್ಕಿತು, ತಳ್ಳಿತು. ಸರಿಯಿತು! ಬೀಜ ತಿಂದು ನನ್ನ ಕಡೆ ತಿರುಗಿ, ಥೇಟ್ ನಿನ್ನ ಹಾಗೇ, ಕೊಕ್ಕು ಮೇಲೆತ್ತಿತು. ಅಳುತ್ತಲೇ ಇನ್ನೊಂದು ಬೀಜ ಇಟ್ಟೆ.

ಹಿಂದೆ ನಿಂತು ನೋಡುತ್ತಿದ್ದ ಅಮ್ಮ ಕಣ್ಣೊರೆಸಿಕೊಂಡು ಕುಂದಾಣಕ್ಕೆ ಫೋನ್ ಮಾಡಿದಳು. "ಊಟಕ್ಕೆ ಬನ್ನಿ. ಹಕ್ಕಿ ಮಾತ್ರ ಕೊಡಕ್ಕಾಗಲ್ಲ, ಅದಕ್ಕಿಲ್ಲಿ ಕೆಲಸ ಐತೆ" ಎಂದಳು.

ನಿನ್ನ ಪುಟ್ಟಿ